ವಾಕ್ಯದ ಉಳಿದರ್ಧ

ಶುಕ್ರವಾರ ಸಂಜೆಯ ಕ್ಲಾಸಿಗೆ ಜನ ಕಡಿಮೆಯಾಗುತ್ತ ಬಂದು ಬಹಳ ಕಾಲವಾಗಿತ್ತು. ಚರ್ಚಿನ ಹಿಂಬದಿಯ ಕೋಣೆ ಅದು. ಒಂದು ಕಾಲದಲ್ಲಿ ಅಲ್ಲಿ ಚಿಕ್ಕ ಮಕ್ಕಳ ಭಾನುವಾರದ ಶಾಲೆ ನಡೆಯುತ್ತಿದ್ದದ್ದರಿಂದ ಕುರ್ಚಿಗಳೆಲ್ಲ ಗಿಡ್ಡ. ದೊಡ್ಡವರು ಕೂತರೆ ಮೊಣಕಾಲು ಎದೆಯ ಹತ್ತಿರ ಬರುತ್ತಿತ್ತು. ಟೀಚರಕ್ಕ ಮಾತ್ರ ನಿಂತೇ ಮಾತಾಡುತ್ತಿದ್ದರು. ಹಗಲೆಲ್ಲ ಹೈಸ್ಕೂಲಿನಲ್ಲಿ ಇತಿಹಾಸದ ಪಾಠ ಮಾಡಿ, ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಮತ್ತೆ ಇಲ್ಲಿ ನಿಲ್ಲುವಷ್ಟರಲ್ಲಿ ಅವರ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿರುತ್ತಿತ್ತು.

ಕ್ಲಾಸಿನ ಕ್ರಮ ಸರಳವಾಗಿತ್ತು. ಮೊದಲು ವಾರದ ಸುದ್ದಿ, ಆಮೇಲೆ ಸತ್ಯವೇದ, ಅಂದರೆ ಬೈಬಲ್ಲು. ತೆರಿಗೆ ಏರಿದ ವಾರ, ಅಪ್ಪನಿಗಿಂತ ಭಾರದ ನೊಗ ಹೇರುತ್ತೇನೆಂದು ಜಂಬ ಕೊಚ್ಚಿ ಅರ್ಧ ರಾಜ್ಯವನ್ನೇ ಕಳೆದುಕೊಂಡ ಸೊಲೊಮೋನನ ಮಗ. ಯಾವನೋ ದೊಡ್ಡ ಮನುಷ್ಯ ಬಡವನ ಜಾಗ ನುಂಗಿದ ವಾರ, ರಾಜ ಆಸೆಪಟ್ಟು ಕಿತ್ತುಕೊಂಡ ನಾಬೋತನ ದ್ರಾಕ್ಷಿತೋಟ. ಯಾರಿಗೆ ಓಟು ಹಾಕಬೇಕೆಂದು ಟೀಚರಕ್ಕ ಒಂದು ದಿನವೂ ಹೇಳಿದವರಲ್ಲ. ಹೇಳಲಿಲ್ಲವೆಂದು ಕೆಲವರು ಬಿಟ್ಟರು. ಹೇಳದೆಯೇ ಹೇಳುತ್ತಾರೆಂದು ಇನ್ನು ಕೆಲವರು ಬಿಟ್ಟರು. ಒಬ್ಬರ ಕಣ್ಣಿಗೆ ಅವರು ಸರ್ಕಾರದ ಬಾಲ, ಇನ್ನೊಬ್ಬರ ಕಣ್ಣಿಗೆ ವಿರೋಧ ಪಕ್ಷದ ತುತ್ತೂರಿ. ಅವರಿಗೂ ಸಾಕಾಗಿತ್ತು. ಆದರೂ ಶುಕ್ರವಾರ ಬಂದರೆ ಕಾಲು ತಾನಾಗಿಯೇ ಆ ಕೋಣೆಯ ಕಡೆ ತಿರುಗುತ್ತಿತ್ತು.

ತಪ್ಪದೆ ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಒಬ್ಬ ಶಾಯಿ. ಅವನದು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಉಗುರಿನ ಕಪ್ಪು ಎಷ್ಟು ಉಜ್ಜಿದರೂ ಹೋಗದ್ದರಿಂದ ಆ ಹೆಸರು. ಸದಾ ಉಬ್ಬಸ, ಸದಾ ತಕರಾರು, ಮಧ್ಯೆ ಮಧ್ಯೆ ನಗೆಚಾಟಿಕೆ. ಅವನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ನೇರ ಬಂದು, ಗೋಡೆಗೆ ತಲೆಯಾನಿಸಿ, ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿದ್ದಳು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದರು. ಎಲ್ಲರೂ ಅವರನ್ನು ಬ್ಯಾಂಕಿನವರು ಎಂದೇ ಕರೆಯುತ್ತಿದ್ದರು. ಇನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬಿಡುವಾದಾಗ ಬಂದು ಕೂರುತ್ತಿದ್ದವನು ಟೀಚರಕ್ಕನ ತಮ್ಮ. ಹಿಂದೆ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದ. ಪತ್ರಿಕೆ ಮುಚ್ಚಿದ ಮೇಲೆ ಗೃಹಮಂತ್ರಿಯ ಕಚೇರಿ ಸೇರಿ ಅವರ ಭಾಷಣ ಬರೆಯುತ್ತಿದ್ದ. ಕ್ಲಾಸಿನಲ್ಲಿ ಅವನು ಬಾಯಿ ಬಿಡುತ್ತಿರಲಿಲ್ಲ, ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಅವನು ಒಮ್ಮೆ ಕೇಳಿದ್ದನ್ನು ಮರೆತವನಲ್ಲ.

ಬಂದರಿನ ಕೂಲಿಗಳು ಮುಷ್ಕರ ಹೂಡಿದ ವಾರ ಟೀಚರಕ್ಕ ಯೇಸುವಿನ ಅಪೊಸ್ತಲ ಪೌಲನ ಮಾತನ್ನು ಎತ್ತಿಕೊಂಡರು. ಇರುವ ಅಧಿಕಾರವೆಲ್ಲ ದೇವರಿಂದಲೇ ನೇಮಕವಾದದ್ದು, ಅಧಿಕಾರಿ ಸುಮ್ಮನೆ ಕತ್ತಿ ಹಿಡಿದಿಲ್ಲ ಎಂಬ ಭಾಗ. ಅದನ್ನು ಓದಿ ಅವರು ಹೇಳಿದ್ದು ಇಷ್ಟು: ಅಧಿಕಾರ ದೇವರಿಂದ ಬಂದದ್ದಾದರೆ ಅಧಿಕಾರದಲ್ಲಿರುವವನು ಯಜಮಾನನಲ್ಲ, ಆಳು. ಕತ್ತಿ ಅವನದಲ್ಲ. ಆಳಿನ ಕೈಗೆ ಕತ್ತಿ ಕೊಟ್ಟವನು ಅದು ಯಾರ ಮೇಲೆ ಬಿತ್ತು ಎಂದು ಒಂದು ದಿನ ಕೇಳಿಯೇ ಕೇಳುತ್ತಾನೆ. ಮೊದಲರ್ಧ ಕೇಳುವುದಕ್ಕೆ ಆಳುವವರಿಗೆ ಹಿತ. ಉಳಿದರ್ಧ ಅವರ ಕೊರಳಿನ ಹಗ್ಗ.

ಪೌಲನ ತಲೆ ಹೋದದ್ದೂ ಅದೇ ಕತ್ತಿಯಿಂದ ಎನ್ನುತ್ತಾರಲ್ಲ ಎಂದು ಶಾಯಿ ತಕರಾರು ತೆಗೆದ. ಅದಕ್ಕೇ ಅವನ ಮಾತನ್ನು ಪೂರ್ತಿ ಓದಬೇಕು ಎಂದು ಟೀಚರಕ್ಕ ಪುಸ್ತಕ ಮುಚ್ಚಿದರು. ಬಾಗಿಲ ಪಕ್ಕದ ಕುರ್ಚಿ ಆಗಲೇ ಖಾಲಿಯಾಗಿತ್ತು.

ಮುಂದಿನ ವಾರ ಸಾರ್ವಜನಿಕ ಶಾಂತಿಗೆಂದು ಹೊಸ ಕಾಯಿದೆ ಬಂತು. ಅನುಮಾನ ಬಂದವರನ್ನು ಕೋರ್ಟಿನ ಮುಂದೆ ನಿಲ್ಲಿಸದೆಯೇ ತಿಂಗಳುಗಟ್ಟಲೆ ಒಳಗಿಡಬಹುದು. ಗೃಹಮಂತ್ರಿ ಸದನದಲ್ಲಿ ಎದ್ದು ನಿಂತು ಅದನ್ನು ಸಮರ್ಥಿಸಿದ್ದನ್ನು ಟೀಚರಕ್ಕ ಮನೆಯಲ್ಲಿ ತಾಯಿಯ ಜೊತೆ ಟೀವಿಯಲ್ಲಿ ನೋಡಿದರು. ಮಂತ್ರಿಯ ದನಿ ಚೆನ್ನಾಗಿತ್ತು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದ ದನಿ. ನಾನು ಯಜಮಾನನಲ್ಲ, ಬರೀ ಆಳು ಎಂದರು. ಆಳಿನ ಕೈಗೆ ಕತ್ತಿ ಕೊಟ್ಟವನು ದೇವರು, ಅದನ್ನು ಒರೆಯಲ್ಲೇ ಇಟ್ಟುಕೊಂಡು ಕೂರುವ ಹಕ್ಕು ಆಳಿಗಿಲ್ಲ ಎಂದರು. ಸದನ ಮೇಜು ಕುಟ್ಟಿತು.

ತಾಯಿ ಜೀವಮಾನವಿಡೀ ಹೊಲಿಗೆ ಮಾಡಿ ಮಕ್ಕಳನ್ನು ಓದಿಸಿದವರು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು.

"ಇದು ನಿನ್ನ ಮಾತಲ್ವೇನೇ?" ಅಂದರು. "ಕುಪ್ಪಸದ ತೋಳು ಕತ್ತರಿಸಿ ಬೇರೆಯವರಿಗೆ ತೊಡಿಸಿದ್ದಾರೆ. ಕತ್ತರಿ ಯಾರ ಕೈಯಲ್ಲಿತ್ತು ಅಂತ ನಾನು ಬಾಯಿ ಬಿಟ್ಟು ಹೇಳಬೇಕಾ?"

ಭಾನುವಾರ ಚರ್ಚಿನ ಸಭೆಯಲ್ಲಿ ಹಬ್ಬದ ಕಳೆ. ನಮ್ಮ ದೇವರ ವಾಕ್ಯ ಸದನದಲ್ಲಿ ಕೇಳಿಬಂತು ಎಂದು ಪಾದ್ರಿಯವರು ಪ್ರಸಂಗದ ನಡುವೆ ಕಣ್ಣೊರೆಸಿಕೊಂಡರು. ಬ್ಯಾಂಕಿನವರು ಹೊರಗೆ ಮೆಟ್ಟಿಲ ಮೇಲೆ ಟೀಚರಕ್ಕನ ಕೈ ಹಿಡಿದು ಕುಲುಕಿ, ನಿಮ್ಮ ಕ್ಲಾಸಿನ ಬೀಜ ಎಲ್ಲಿ ಹೋಗಿ ಮೊಳೆಯಿತು ನೋಡಿ ಎಂದರು. ಟೀಚರಕ್ಕ ಏನೋ ಒಂದು ಹೇಳಿ ಕೈ ಬಿಡಿಸಿಕೊಂಡು, ಅಲ್ಲಿಂದಲೇ ತಮ್ಮನ ಮನೆಗೆ ಹೋದರು.

ತಮ್ಮ ಅಂದು ರಜೆಯೆಂದು ಗಡ್ಡ ಬೋಳಿಸದೆ, ಹೊಟ್ಟೆಯುರಿಗೆ ಮಾತ್ರೆ ಚೀಪುತ್ತ ಕೂತಿದ್ದ. ಅಕ್ಕ ಯಾಕೆ ಬಂದಳೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಕುರ್ಚಿಯ ಮೇಲಿದ್ದ ಪೇಪರುಗಳನ್ನು ಎತ್ತಿ ಜಾಗ ಮಾಡಿದ. ಹೆಂಡತಿ ಮಕ್ಕಳು ಅವಳ ತವರಿಗೆ ಹೋಗಿದ್ದಾರೆ ಎಂದ. ಆಮೇಲೆ ತಾನೇ ಶುರುಮಾಡಿದ. ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ, ಅವನು ಬರೆದಿದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು. ಕಾಯಿದೆಯ ಕರಡಿನಲ್ಲಿ ಹೆಂಗಸರನ್ನೂ ಹಾಗೆಯೇ ಒಳಗಿಡಬಹುದು ಅಂತಿತ್ತು, ನಾನು ಹೇಳಿ ಹೇಳಿ ತೆಗೆಸಿದೆ. ಅದನ್ನು ಯಾರೂ ಟೀವಿಯಲ್ಲಿ ಹೇಳುವುದಿಲ್ಲ. ಅಹಾಬನಂಥ ದುಷ್ಟ ರಾಜನ ಅರಮನೆಯಲ್ಲೇ ಕೆಲಸ ಮಾಡಿಕೊಂಡು ಪ್ರವಾದಿಗಳನ್ನು ಗವಿಯಲ್ಲಿ ಬಚ್ಚಿಟ್ಟ ಓಬದ್ಯ ಇರಲಿಲ್ಲವೇ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಟೀಚರಕ್ಕನಿಗೆ ಹೆಚ್ಚು ಆಯಾಸ ತಂದದ್ದು.

"ಸೇನಾಪತಿ ನಾಮಾನನ ಕಥೆ ನೀನೇ ಹೇಳಿದ್ದಲ್ವಾ ಅಕ್ಕ," ಎಂದ ಕೊನೆಗೆ. "ಯಜಮಾನ ನನ್ನ ಕೈ ಊರಿಕೊಂಡು ಬೇರೆ ದೇವರ ಗುಡಿಯಲ್ಲಿ ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತೆ, ದೇವರು ಅದೊಂದನ್ನ ಕ್ಷಮಿಸಲಿ ಅಂತ ಅವನು ಕೇಳಿದ. ಪ್ರವಾದಿ ಬೈಲಿಲ್ಲ. ಸಮಾಧಾನವಾಗಿ ಹೋಗು ಅಂದ."

"ನಾಮಾನ ಬಗ್ಗಿದ, ನಿಜ. ಹೇಗೆ ಬಗ್ಗಬೇಕು ಅಂತ ಯಜಮಾನನಿಗೆ ಬರೆದುಕೊಡಲಿಲ್ಲ."

ತಮ್ಮ ತಲೆ ತಗ್ಗಿಸಿದ. ಟೀಚರಕ್ಕ ಎದ್ದು ಬಂದರು. ಗೆದ್ದ ಹಾಗೇನೂ ಅನ್ನಿಸಲಿಲ್ಲ.

ಆ ಶುಕ್ರವಾರ ಅವರು ಸಮುವೇಲನ ಪ್ರಸಂಗ ತೆಗೆದರು. ಜನ ಬಂದು ನಮಗೂ ಬೇರೆಯವರ ಹಾಗೆ ಒಬ್ಬ ರಾಜ ಬೇಕು ಎಂದಾಗ, ಮುದಿ ಪ್ರವಾದಿ ರಾಜನೆಂದರೆ ಏನೆಂದು ಹೇಳುತ್ತಾನೆ. ನಿಮ್ಮ ಗಂಡುಮಕ್ಕಳನ್ನು ತೆಗೆದುಕೊಂಡು ತನ್ನ ರಥದ ಮುಂದೆ ಓಡಿಸುತ್ತಾನೆ, ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಒಯ್ಯುತ್ತಾನೆ, ಒಳ್ಳೆಯ ಹೊಲವನ್ನು ಕಿತ್ತು ತನ್ನವರಿಗೆ ಹಂಚುತ್ತಾನೆ; ಆಗ ನೀವು ಗೋಳಿಡುತ್ತೀರಿ, ಕೇಳುವವರು ಇರುವುದಿಲ್ಲ. ತಕರಾರಿನ ಶಾಯಿ ಅಂದು ಒಂದು ತಕರಾರೂ ತೆಗೆಯಲಿಲ್ಲ. ತಮ್ಮ ಬಂದಿರಲಿಲ್ಲ.

ನಾಲ್ಕಾರು ದಿನ ಕಳೆದು ಶಾಯಿಯನ್ನು ಪೊಲೀಸರು ಎಳೆದುಕೊಂಡು ಹೋದರು.

ಸುದ್ದಿ ತಂದವಳು ನರ್ಸು. ಶಾಲೆಯ ಕೊನೆಯ ಗಂಟೆ ಹೊಡೆದಿತ್ತು. ಸ್ಟಾಫ್ ರೂಮಿನಲ್ಲಿ ಟೀಚರಕ್ಕ ಒಬ್ಬರೇ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಅವಳು ಯೂನಿಫಾರ್ಮಿನಲ್ಲೇ ಬಂದು ಎದುರು ಬೆಂಚಿನಲ್ಲಿ ಕೂತು, ನೀರು ಕುಡಿದು, ನಡೆದದ್ದನ್ನು ಹೇಳಿದಳು. ಬಂದರಿನ ಕೂಲಿಗಳ ಸಭೆಗೆ ಗಂಡ ಒಂದು ಕರಪತ್ರ ಅಚ್ಚು ಹಾಕಿಕೊಟ್ಟಿದ್ದ. ಅದರಲ್ಲಿ ಇದ್ದದ್ದು ಸಮುವೇಲನ ಮಾತು, ಅಷ್ಟೇ. ಮೇಲೆ ಕೆಳಗೆ ಒಂದಕ್ಷರ ಸ್ವಂತದ್ದಿಲ್ಲ. ಅಚ್ಚು ಹಾಕಿದವರ ಹೆಸರು ಇರಲೇಬೇಕೆಂದು ನಿಯಮ, ಹಾಗಾಗಿ ಮೂಲೆಯಲ್ಲಿ ಪ್ರೆಸ್ಸಿನ ಹೆಸರು ಮಾತ್ರ ಹಾಕಿದ್ದ. ಇನ್ಸ್‌ಪೆಕ್ಟರು ಕರಪತ್ರ ಹಿಡಿದು, ಈ ಸಮುವೇಲ ಯಾರು, ಯೂನಿಯನ್ನಿನವನಾ, ಎಲ್ಲಿರ್ತಾನೆ ಎಂದು ಗದರಿದರಂತೆ. ತುಂಬ ಹಳಬರು ಸಾರ್, ವಿಳಾಸ ನನಗೂ ಗೊತ್ತಿಲ್ಲ ಎಂದನಂತೆ ಇವನು. ಅದಕ್ಕೆ ಕಪಾಳಕ್ಕೆ ಬಿತ್ತಂತೆ.

ಇದನ್ನು ಹೇಳುತ್ತ ನರ್ಸಿಗೆ ನಗು ಬಂತು, ನಗುತ್ತಲೇ ಅಳು ಬಂತು. ಅವನ ಉಬ್ಬಸದ ಪಂಪನ್ನು ಒಳಗೆ ಬಿಡುತ್ತಿಲ್ಲ, ನೆಲ ತೇವ, ರಾತ್ರಿಯೆಲ್ಲ ಕೂತೇ ಇರುತ್ತಾನಂತೆ ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ, ಉಟ್ಟಿದ್ದು ಸೀರೆಯಲ್ಲವೆಂದು ನೆನಪಾಗಿ, ಅಂಗೈಯಿಂದಲೇ ಒರೆಸಿಕೊಂಡಳು.

"ನಿಮ್ಮ ತಮ್ಮನ್ನ ಒಂದು ಮಾತು ಕೇಳಿ ಅಕ್ಕ. ನಾನು ಇನ್ಯಾರ ಹತ್ರ ಹೋಗಲಿ?"

ಎರಡು ವಾರ ಎರಡು ಪಾಠ. ಒಂದು ಪಾಠದಿಂದ ಕಾಯಿದೆಗೆ ಮಾತು ಸಿಕ್ಕಿತು, ಇನ್ನೊಂದರಿಂದ ಅದೇ ಕಾಯಿದೆಗೆ ಆಹುತಿ ಸಿಕ್ಕಿತು. ತಮ್ಮ, ಶಾಯಿ, ಇಬ್ಬರೂ ಅದೇ ಗಿಡ್ಡ ಕುರ್ಚಿಗಳಿಂದ ಎದ್ದು ಹೋದವರು. ಇಷ್ಟು ವರ್ಷ ತಾನು ಪಾಠ ಮಾಡುತ್ತಿದ್ದದ್ದಾದರೂ ಏನು ಎಂದು ಟೀಚರಕ್ಕ ಬಸ್ಸಿನಲ್ಲಿ ಯೋಚಿಸಲು ಹೊರಟು, ತಲೆ ಓಡದೆ, ಕಿಟಕಿಗೆ ಹಣೆ ಒತ್ತಿ ಕೂತರು.

ತಮ್ಮ ಎಲ್ಲವನ್ನೂ ಆಗಲೇ ತಿಳಿದಿದ್ದ. ಕಚೇರಿಯ ಹೊರಗಿನ ಕಾಫಿ ಅಂಗಡಿಯಲ್ಲಿ, ದನಿ ತಗ್ಗಿಸಿ ಹೇಳಿದ. ಮಂತ್ರಿಗಳಿಗೆ ಆ ಆಳು-ಕತ್ತಿಯ ಮಾತು ಬಹಳ ಹಿಡಿಸಿದೆ, ಎಲ್ಲಿಂದ ತಂದೆ ಎಂದು ಕೇಳಿದರು, ನಮ್ಮ ಅಕ್ಕನದು ಎಂದೆ. ಈಗ ನಾಡಿನ ಶಾಂತಿಗಾಗಿ ಒಂದು ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡಿದ್ದಾರೆ. ಎಲ್ಲ ಚರ್ಚುಗಳ ಪಾದ್ರಿಗಳೂ ಬರುತ್ತಾರೆ. ಪಾದ್ರಿಗಳ ಪ್ರಾರ್ಥನೆ ಎಲ್ಲರೂ ಕೇಳಿದ್ದೇ. ಸಾಮಾನ್ಯ ಜನರ ಕಡೆಯಿಂದ ಒಬ್ಬ ಶಾಲಾ ಶಿಕ್ಷಕಿ ಪ್ರಾರ್ಥಿಸಿದರೆ ಚೆನ್ನ ಎಂದು ಅವರ ಮನಸ್ಸಿನಲ್ಲಿದೆ. ನೀನು ಬಂದರೆ ಪ್ರೆಸ್ಸಿನವನ ಫೈಲು ಮೇಲೆ ಬರುವಂತೆ ಮಾಡುವುದು ಕಷ್ಟವಲ್ಲ.

"ಬರದೇ ಇದ್ದರೆ?"

"ಬರದೇ ಇದ್ದರೂ ನಾನು ಪ್ರಯತ್ನ ಮಾಡ್ತೀನಿ ಅಕ್ಕ. ಆದರೆ ಆಗೋದಿಲ್ಲ."

ಅವನು ಬೆದರಿಸುತ್ತಿರಲಿಲ್ಲ, ಮಳೆ ಬರುತ್ತದೆ ಎಂದು ಹೇಳಿದ ಹಾಗೆ ಹೇಳಿದ. ಕಾಫಿಗೆ ಅವನೇ ದುಡ್ಡು ಕೊಟ್ಟು, ಗಡಿಯಾರ ನೋಡಿಕೊಂಡು ಎದ್ದು ಹೋದ.

ಟೀಚರಕ್ಕ ಭೇಟಿಯ ದಿನ ಜೈಲಿಗೆ ಹೋದರು. ಜಾಲರಿಯ ಆಚೆ ಶಾಯಿ ಗುರುತು ಹಿಡಿಯಲಾರದಷ್ಟು ಇಳಿದಿದ್ದ. ಉಗುರು ಮಾತ್ರ ಹಾಗೇ ಕಪ್ಪಾಗಿತ್ತು. ನಡೆದದ್ದನ್ನು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವನು ಉಸಿರು ಎಳೆದುಕೊಳ್ಳುತ್ತ, ಒಂದೊಂದೇ ಮಾತಾಗಿ, ಬೇಡ ಎಂದ. ಇದೇ ಗೋಡೆಯೊಳಗೆ ಬಂದರಿನವರು ತುಂಬಿದ್ದಾರೆ, ಅವರ ನಡುವೆ ನನಗೆ ಮುಖ ಎತ್ತಿ ಓಡಾಡಲು ಬಿಡಿ ಎಂದ. ನನಗೋಸ್ಕರ ಬಗ್ಗಬೇಡಿ ಟೀಚರಕ್ಕ ಎಂದ. ನರ್ಸು ಪಕ್ಕದಲ್ಲೇ ನಿಂತಿದ್ದಳು. ಅವನ ಎದೆಯಿಂದ ಬರುತ್ತಿದ್ದ ಸಿಳ್ಳೆಯಂಥ ಸದ್ದನ್ನೇ ಕೇಳುತ್ತಿದ್ದಳು. ಹೊರಗೆ ಬಂದ ಮೇಲೆ, ಆ ಸದ್ದು ಎಂಥದ್ದೆಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ ಎಂದಳು. ದಿನಾ ವಾರ್ಡಿನಲ್ಲಿ ಕೇಳುವವಳು.

ಟೀಚರಕ್ಕ ತಮ್ಮನಿಗೆ ಫೋನು ಮಾಡಿ ಬರುತ್ತೇನೆ ಎಂದರು.

ಪ್ರಾರ್ಥನೆಯನ್ನು ಮೊದಲೇ ಬರೆದು ತೋರಿಸಬೇಕಿತ್ತು. ಆಳುವವರಿಗಾಗಿ ಪ್ರಾರ್ಥಿಸಿ ಎಂದು ಅಪೊಸ್ತಲನೇ ಹೇಳಿದ್ದಾನೆ, ಅದರಲ್ಲಿ ತಪ್ಪೇನಿಲ್ಲ ಎಂದು ಟೀಚರಕ್ಕ ತಮಗೆ ತಾವೇ ಹೇಳಿಕೊಂಡು ಬರೆಯಲು ಕೂತರು. ನಾಡಿಗೆ ಶಾಂತಿ, ಮಂತ್ರಿಗಳಿಗೆ ವಿವೇಕ, ಹಸಿದವರಿಗೆ ಅನ್ನ. ನಡುವೆ, ಕಂಬಿಯ ಹಿಂದಿರುವವರನ್ನು ಅವರು ಮರೆಯದಂತೆ ಮಾಡು ಎಂದೊಂದು ಮಾತು. ತಮ್ಮ ಅದನ್ನು ತಿರುಗಿ ಕಳಿಸಿದಾಗ ಆ ಒಂದು ಮಾತಿನ ಮೇಲೆ ಗೆರೆ ಇತ್ತು. ಬೇರೇನನ್ನೂ ಮುಟ್ಟಿರಲಿಲ್ಲ.

ಸಭಾಂಗಣ ತಣ್ಣಗೆ ಕೊರೆಯುತ್ತಿತ್ತು. ನಡೆದರೆ ಸದ್ದಾಗದ ದಪ್ಪ ಕಾರ್ಪೆಟ್ಟು, ಪ್ರತಿ ಕುರ್ಚಿಯ ಮುಂದೆ ಹೆಸರಿನ ಚೀಟಿ, ನೀರಿನ ಬಾಟಲಿ. ಪಾದ್ರಿಯವರು ಹೊಸ ನಿಲುವಂಗಿ ತೊಟ್ಟು ಮುಂದಿನ ಸಾಲಿನಲ್ಲಿದ್ದರು. ಟೀಚರಕ್ಕನ ಸರದಿ ಬಂದಾಗ ಅವರು ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದರು. ಗೆರೆ ಎಳೆದ ಜಾಗಕ್ಕೆ ಬಂದು ನಿಲ್ಲಿಸಿದರು. ಆ ಮಾತು ನಾಲಿಗೆಯ ಮೇಲೇ ಇತ್ತು. ಕಣ್ಣು ತೆರೆದರು. ಕಂಬದ ಪಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ತಮ್ಮ ನಿಂತಿದ್ದ, ಅಕ್ಕನ ಕಡೆ ನೋಡುತ್ತಿರಲಿಲ್ಲ. ಶಾಯಿಯ ಎದೆಯ ಆ ಸಿಳ್ಳೆಯ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಟೀಚರಕ್ಕ ಮುಂದಿನ ಮಾತಿಗೆ ಹೋಗಿ, ಆಮೆನ್ ಎಂದು ಮುಗಿಸಿದರು.

ಆಮೇಲೆ ಚಹಾದ ಹೊತ್ತಿನಲ್ಲಿ ಮಂತ್ರಿ ತಾವಾಗಿಯೇ ಹತ್ತಿರ ಬಂದರು. ಟೀವಿಯಲ್ಲಿ ಕಾಣುವುದಕ್ಕಿಂತ ಗಿಡ್ಡ, ವಯಸ್ಸಾದವರು, ಕಣ್ಣ ಕೆಳಗೆ ಕಪ್ಪು. ತಾಯಿಯವರು ಹೇಗಿದ್ದಾರೆ ಎಂದು ಕೇಳಿದರು. ನಾನೂ ಭಾನುವಾರದ ಶಾಲೆಗೆ ಹೋದವನೇ, ಬಾಯಿಪಾಠಕ್ಕೆ ಬಹುಮಾನ ತಗೊಂಡವನು ಎಂದು ನಕ್ಕರು. ನಗು ನಿಜವಾದದ್ದೇ. ಟೀಚರಕ್ಕನಿಗೆ ತಡೆಯಲಾಗಲಿಲ್ಲ.

"ನೀವು ಸದನದಲ್ಲಿ ಹೇಳಿದ ಮಾತಿಗೆ ಇನ್ನೊಂದು ಅರ್ಧ ಇದೆ," ಎಂದರು.

ಮಂತ್ರಿ ಕಪ್ಪನ್ನು ತಟ್ಟೆಯ ಮೇಲೆ ಇಟ್ಟರು. ಸಿಟ್ಟಾಗಲಿಲ್ಲ.

"ಗೊತ್ತಮ್ಮ," ಎಂದರು. "ಆ ಅರ್ಧವನ್ನ ದೇವರು ನನ್ನ ಹತ್ರ ಕೇಳ್ತಾನೆ. ನೀವು ಕೇಳಬೇಡಿ."

ಅಷ್ಟರಲ್ಲಿ ಯಾರೋ ಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ಮಂತ್ರಿ ಕೈಮುಗಿದು ಹೊರಟುಹೋದರು.

ಶಾಯಿ ಆ ವಾರವೇ ಹೊರಗೆ ಬಂದ. ಅದಕ್ಕೂ ಮುಂಚೆ ಪೇಪರುಗಳಲ್ಲಿ ಫೋಟೋ ಬಂದಿತ್ತು: ಮೈಕಿನ ಮುಂದೆ ಕಣ್ಣು ಮುಚ್ಚಿದ ಟೀಚರಕ್ಕ, ಅವರ ಹಿಂದೆ ತಲೆಬಾಗಿದ ಮಂತ್ರಿ. ಶಾಲೆಯ ಹೆಡ್‌ಮಾಸ್ಟರು ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು. ತಾಯಿ ಮಾತ್ರ ಭೂತಗನ್ನಡಿ ಹಿಡಿದು ನೋಡಿ, ಕುಪ್ಪಸದ ಭುಜ ಇಳಿದಿದೆ, ನಾನು ಹೊಲಿದದ್ದಲ್ಲ ಬಿಡು ಎಂದರು. ಬೇರೇನನ್ನೂ ಕೇಳಲಿಲ್ಲ. ಮಗಳ ಊದಿದ ಪಾದಕ್ಕೆ ಬಿಸಿನೀರು ಕಾಯಿಸಿಟ್ಟರು.

ಶುಕ್ರವಾರ ಕ್ಲಾಸಿಗೆ ಕುರ್ಚಿ ಸಾಲಲಿಲ್ಲ. ಬಿಟ್ಟುಹೋದವರು ಬಂದಿದ್ದರು, ಗುರುತೇ ಇಲ್ಲದವರು ಬಂದಿದ್ದರು, ಬ್ಯಾಂಕಿನವರು ಬಾಗಿಲಲ್ಲಿ ನಿಂತು ಮದುವೆ ಮನೆಯವರ ಹಾಗೆ ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದರು. ಶಾಯಿ ಇರಲಿಲ್ಲ, ನರ್ಸೂ ಇರಲಿಲ್ಲ. ಅಂದು ಏನು ಓದಿದೆನೆಂದು ಟೀಚರಕ್ಕನಿಗೆ ಆಮೇಲೆ ನೆನಪಾಗಲಿಲ್ಲ.

ಮಾರನೆಯ ದಿನ ಅವರು ಪ್ರೆಸ್ಸಿಗೆ ಹೋದರು. ಸೀಮೆಎಣ್ಣೆ ಮತ್ತು ಕಾಗದದ ವಾಸನೆ. ಶಾಯಿ ಬಟ್ಟೆ ಹಿಡಿದು ಮೆಷೀನಿನ ರೋಲರು ಒರೆಸುತ್ತಿದ್ದ. ಪೊಲೀಸರು ಇಷ್ಟು ದಿನ ಬೀಗ ಹಾಕಿದ್ದರಿಂದ ಇಂಕು ಒಣಗಿ ಹೆಪ್ಪುಗಟ್ಟಿತ್ತು. ಅವನು ಸ್ಟೂಲು ಒರೆಸಿ ಕೊಟ್ಟ. ಚಹಾ ತರಿಸಿದ. ಆರೋಗ್ಯ, ಪಂಪು, ಕಾಗದದ ಬೆಲೆ, ಎಲ್ಲದರ ಮಾತಾಯಿತು. ಟೀಚರಕ್ಕ ಎದ್ದು ಹೊರಡುವಾಗ ಅವನು ಬಟ್ಟೆ ಕೆಳಗಿಟ್ಟ.

"ನಿಮ್ಮನ್ನ ದೂರೋದಿಲ್ಲ," ಎಂದ. "ಉಸಿರಾಡ್ತಾ ಇದೀನಿ, ಅದು ನಿಮ್ಮ ದಯೆ. ಆದರೆ ನಾನು ಹೊರಗೆ ಬರೋವಾಗ ಬಂದರಿನವರೆಲ್ಲ ಎದ್ದು ನಿಂತು ನೋಡ್ತಿದ್ರು. ಯಾರೂ ಏನೂ ಅನ್ನಲಿಲ್ಲ. ನನಗೊಬ್ಬನಿಗೆ ಮಾತ್ರ ಹೊರಗೆ ಒಬ್ಬ ಅಕ್ಕ ಇದ್ರು, ಅಷ್ಟೇ."

ಟೀಚರಕ್ಕ ಹೊರಗೆ ಬಂದರು. ಗಲ್ಲಿಯ ತುದಿಯವರೆಗೆ ನಡೆದು, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು, ಬಹಳ ಹೊತ್ತು ಏಳಲಿಲ್ಲ.

ಅವರು ತಮ್ಮನನ್ನು ಉಳಿದವರ ವಿಷಯವಾಗಿ ಕೇಳಿದರು. ಒಂದು ಸಲವಾದರೆ ಉಪಕಾರ ಅಂತಾರೆ ಅಕ್ಕ, ಇನ್ನೊಂದು ಸಲ ಕೇಳಿದರೆ ನನ್ನನ್ನೇ ಹೊರಗೆ ಹಾಕ್ತಾರೆ ಎಂದು ಅವನು ಕೈಚೆಲ್ಲಿದ. ಹಾಗಾಗಿ ಮುಂದಿನ ಭೇಟಿಯ ದಿನ ಟೀಚರಕ್ಕ ತಾವೇ ಜೈಲಿನ ಮುಂದೆ ಹೋಗಿ ನಿಂತರು. ಏನು ಮಾಡಬೇಕೆಂದು ತಿಳಿದು ಹೋದದ್ದಲ್ಲ. ಗೇಟಿನ ಪಕ್ಕ ತಗಡಿನ ಶೆಡ್ಡು, ಅದರಡಿ ಉದ್ದದ ಬೆಂಚು. ಬಂದರಿನವರ ಹೆಂಡಂದಿರು, ತಾಯಂದಿರು, ಅಪ್ಪಂದಿರು ಬೆಳಗಿನಿಂದ ಅಲ್ಲಿ ಕಾಯುತ್ತಿದ್ದರು. ಕೆಲವರಿಗೆ ಅರ್ಜಿ ಬರೆಯಲು ಬಾರದು. ಬರೆಸಿದರೆ ಯಾರಿಗೆ ಬರೆಸಬೇಕೆಂದು ಗೊತ್ತಿಲ್ಲ. ಟೀಚರಕ್ಕ ಚೀಲದಿಂದ ಪೆನ್ನು ತೆಗೆದರು. ಮೊದಲ ದಿನ ಒಬ್ಬರಿಗೆ ಬರೆದರು. ಆಮೇಲೆ ಶುಕ್ರವಾರ ಬಂದರೆ ಜನ ಅವರಿಗಾಗಿ ಬೆಂಚಿನ ತುದಿ ಬಿಟ್ಟಿರುತ್ತಿದ್ದರು. ಯಾಕೆಂದರೆ ಭೇಟಿಯ ದಿನ ಶುಕ್ರವಾರವೇ. ಅವರು ಆ ದಿನ ಮಧ್ಯಾಹ್ನಕ್ಕೇ ಶಾಲೆಗೆ ರಜೆ ಹಾಕಬೇಕಾಗುತ್ತಿತ್ತು, ಸಂಜೆಯವರೆಗೂ ಅಲ್ಲಿಂದ ಬರಲಾಗುತ್ತಿರಲಿಲ್ಲ.

ಕ್ಲಾಸು ನಿಂತಿತು. ಜನ ಬರುತ್ತಿರುವ ಹೊತ್ತಿನಲ್ಲೇ ಮುಚ್ಚುತ್ತೀರಲ್ಲ ಎಂದು ಪಾದ್ರಿಯವರು ನೊಂದುಕೊಂಡರು. ಕೊನೆಗೆ ಬ್ಯಾಂಕಿನವರು ಅದನ್ನು ವಹಿಸಿಕೊಂಡರು. ಕುರ್ಚಿಗಳನ್ನು ಬದಲಾಯಿಸಿದರು, ಫ್ಯಾನು ಹಾಕಿಸಿದರು. ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿದಾಗ ಟೀಚರಕ್ಕನಿಗೆ ಹೊಟ್ಟೆಕಿಚ್ಚೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ.

ಮೊದಲು ಶೆಡ್ಡಿಗೆ ಬಂದವಳು ನರ್ಸು. ಕೆಲವು ತಿಂಗಳಾದ ಮೇಲೆ ಶಾಯಿಯೂ ಬಂದ. ಅರ್ಜಿಗಳನ್ನು ಪ್ರೆಸ್ಸಿನಲ್ಲೇ ಟೈಪು ಮಾಡಿಕೊಟ್ಟ. ಬಂದರಿನವರು ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ಅದು ಅರ್ಜಿಯಿಂದಲೋ, ಹೈಕೋರ್ಟಿನಿಂದಲೋ, ಇಲ್ಲ ಕಚೇರಿಯಲ್ಲಿ ಕೂತು ಹೊಟ್ಟೆಯುರಿಗೆ ಮಾತ್ರೆ ಚೀಪುವ ಒಬ್ಬ ಮನುಷ್ಯ ಫೈಲುಗಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದ್ದರಿಂದಲೋ ಗೊತ್ತಾಗಲಿಲ್ಲ. ಟೀಚರಕ್ಕ ತಮ್ಮನನ್ನು ಕೇಳಲಿಲ್ಲ. ಅವನು ಹೇಳಲಿಲ್ಲ. ಭಾನುವಾರ ಊಟಕ್ಕೆ ಬರುತ್ತಿದ್ದ, ತಾಯಿಯ ಪಕ್ಕ ಕೂತು ಉಣ್ಣುತ್ತಿದ್ದ.

ಮುಂದಿನ ಚುನಾವಣೆಯಲ್ಲಿ ಮಂತ್ರಿ ಸೋತರು. ಕಾಯಿದೆಯ ಕಾರಣಕ್ಕಲ್ಲ, ಗ್ಯಾಸಿನ ಬೆಲೆಯ ಕಾರಣಕ್ಕೆ. ಅಧಿಕಾರಕ್ಕೆ ಬಂದರೆ ಕಾಯಿದೆಯನ್ನು ಕಿತ್ತು ಬಿಸಾಕುತ್ತೇವೆ ಎಂದಿದ್ದವರು ಅಧಿಕಾರಕ್ಕೆ ಬಂದು, ಸ್ವಲ್ಪ ಕಾಲ ಪರಿಶೀಲಿಸುತ್ತೇವೆ ಎಂದರು. ತಮ್ಮ ಅದೇ ಕಚೇರಿಯಲ್ಲಿ ಹೊಸ ಮಂತ್ರಿಗೆ ಭಾಷಣ ಬರೆಯತೊಡಗಿದ. ಪರಿಶೀಲನೆ ಮುಗಿಯುವ ಮುಂಚೆಯೇ ಕಾಯಿದೆಯಡಿ ಹೊಸಬರು ಒಳಗೆ ಬಂದರು. ಈ ಸಲ ಹಳೆಯ ಮಂತ್ರಿಯ ಪಕ್ಷದವರು. ಗೋಡೆಗೆ ಪೋಸ್ಟರು ಅಂಟಿಸುತ್ತಿದ್ದವರು, ಮೆರವಣಿಗೆಯಲ್ಲಿ ಬಾವುಟ ಹಿಡಿದವರು.

ಇವರಿಗೂ ಬರೆದುಕೊಡಬೇಕಾ ಎಂದು ಶಾಯಿ ಗೊಣಗಿದ. ಟೀಚರಕ್ಕ ಹೊಸ ಹಾಳೆ ತೆಗೆದು ಬರೆಯತೊಡಗಿದರು. ಅವರಿಗೆ ವಾದ ಮಾಡುವ ಶಕ್ತಿಯೇ ಉಳಿದಿರಲಿಲ್ಲ. ಆಮೇಲೆ ಅವನೇ ಕ್ಯಾನು ಎತ್ತಿಕೊಂಡು ಸಾಲಿನಲ್ಲಿದ್ದವರಿಗೆ ನೀರು ಕೊಡಲು ಹೋದ.

ಹಾಗೆ ಹೊಸದಾಗಿ ಬಂದವರಲ್ಲಿ ಒಬ್ಬ ಮುದುಕಿ. ಪೋಸ್ಟರು ಅಂಟಿಸುವವನ ತಾಯಿ. ಮಗನಿಗೆಂದು ತಂದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಟೀಚರಕ್ಕನ ಪಕ್ಕ ಕೂತಿದ್ದಳು. ಅರ್ಜಿ ಬರೆಸಿಕೊಂಡ ಮೇಲೂ ಏಳಲಿಲ್ಲ. ನೀವು ಯೇಸುವಿನ ಕಡೆಯವರಂತಲ್ಲ, ಎಲ್ಲರೂ ಹೇಳ್ತಾರೆ ಎಂದಳು. ಟೀಚರಕ್ಕ ಹೌದೆಂದರು. ಮುದುಕಿ ಗಂಟಿನ ಕುಣಿಕೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ದೇವರು ಯಾರ ಕಡೆ? ಸರ್ಕಾರದ ಕಡೆಯೋ, ಇಲ್ಲಿ ಕೂತವರ ಕಡೆಯೋ?"

ಇಷ್ಟು ವರ್ಷ ನಿಂತು ಪಾಠ ಮಾಡಿದ್ದರಲ್ಲಿ ಯಾವುದನ್ನು ತೆಗೆದು ಕೊಡಲಿ ಎಂದು ಟೀಚರಕ್ಕ ಹುಡುಕಿದರು. ರಾಜರು, ಪ್ರವಾದಿಗಳು, ಅರಮನೆಯ ಆಳುಗಳು, ಯಾರೂ ಕೈಗೆ ಸಿಗಲಿಲ್ಲ.

"ನನಗೆ ಅಷ್ಟೆಲ್ಲ ಗೊತ್ತಿಲ್ಲಮ್ಮ," ಎಂದರು. "ಅವನನ್ನೂ ಸರ್ಕಾರ ಹಿಡಕೊಂಡು ಹೋಗಿತ್ತು. ಅಷ್ಟು ಗೊತ್ತು."

ಮುದುಕಿಗೆ ಇದು ಹೊಸ ಸುದ್ದಿ. ಟೀಚರಕ್ಕನ ಮುಖವನ್ನೇ ನೋಡಿದಳು.

"ಯಾರೂ ಬಿಡಿಸಲಿಲ್ವಾ?"

"ಇಲ್ಲ."

"ತಾಯಿ ಇದ್ದಳಾ?"

"ಇದ್ದಳು. ಹತ್ತಿರವೇ ನಿಂತಿದ್ದಳು."

ಮುದುಕಿ ಬೆಂಚಿನ ಮೇಲೆ ಒಂದಿಷ್ಟು ಸರಿದು, ಟೀಚರಕ್ಕನಿಗೆ ಊದಿದ ಕಾಲು ಮೇಲೆತ್ತಿ ಇಟ್ಟುಕೊಳ್ಳಲು ಜಾಗ ಮಾಡಿಕೊಟ್ಟಳು. ಗೇಟಿನ ಹತ್ತಿರ ಹೆಸರು ಕೂಗಲು ಶುರುವಾಗಿತ್ತು. ಅವಳ ಮಗನ ಹೆಸರು ಬರಲು ಇನ್ನೂ ಹೊತ್ತಿತ್ತು. ಇಬ್ಬರೂ ಕಾಯುತ್ತ ಕೂತರು.